ಪೆನ್ನು ಒಂದು ಕಡೆ, ಗೆರೆ ಇನ್ನೊಂದು ಕಡೆ: ಹಳೆಯ ಟ್ಯಾಬ್ಲೆಟ್ ಲ್ಯಾಪ್‌ಟಾಪ್ ಸರಿಮಾಡುವ ಬಗೆ

ಕಾಸರಗೋಡಿನ ನೀರ್ಚಾಲಿನ ಹತ್ತಿರ ನಿವೃತ್ತ ಮಾಷ್ಟ್ರೊಬ್ಬರು ಇದ್ದಾರೆ. ಯಕ್ಷಗಾನ ಪ್ರಸಂಗದ ಪದ್ಯಗಳನ್ನು ಕೈಯಲ್ಲೇ ಬರೆಯುವವರು. ಟೈಪಿಂಗ್ ಬಾರದೆಂದಲ್ಲ, ತಾಳ ಹಾಕಿಕೊಂಡು ಸಾಲು ಕೂರಿಸುವಾಗ ಅವರಿಗೆ ಕೈಬರಹವೇ ಆಗಬೇಕು. ಹೊಡೆದುಹಾಕಿದ್ದು, ಮೇಲೆ ಸೇರಿಸಿದ್ದು ಎಲ್ಲವೂ ಕಣ್ಣೆದುರು ಇರಬೇಕು. ಅವರ ಮಗ ಬಿಟ್ಟುಹೋದ ಹಳೆಯ ಟ್ಯಾಬ್ಲೆಟ್ ಲ್ಯಾಪ್‌ಟಾಪಿಗೆ ನಾನು ಲಿನಕ್ಸ್ ಹಾಕಿ ಕೊಟ್ಟಿದ್ದೆ. ಪರದೆಯನ್ನು ಒಂದೇ ಕೀಲಿನ ಮೇಲೆ ಅರ್ಧಸುತ್ತು ತಿರುಗಿಸಿ ಕೀಬೋರ್ಡಿನ ಮೇಲೆ ಮಲಗಿಸುವ ಜಾತಿಯದ್ದು. ಮಲಗಿಸಿ, ಉದ್ದಕ್ಕೆ ಹಿಡಿದು, ತೊಡೆಯ ಮೇಲಿಟ್ಟುಕೊಂಡರೆ ಥೇಟ್ ನೋಟುಪುಸ್ತಕ. ಎರಡು ವರ್ಷ ಚೆನ್ನಾಗಿ ನಡೆಯಿತು. ಕಳೆದ ಆಟಿ ತಿಂಗಳಲ್ಲಿ ಫೋನ್ ಬಂತು.

"ಪೆನ್ನು ಕೆಳಗೆ ಎಳೆದರೆ ಗೆರೆ ಬಲಕ್ಕೆ ಹೋಗ್ತದೆ ಮಾರಾಯ. ಬಲಕ್ಕೆ ಎಳೆದರೆ ಮೇಲೆ ಹೋಗ್ತದೆ. 'ಪೀಠಿಕೆ' ಅಂತ ಬರೆಯಲಿಕ್ಕೆ ಹೊರಟರೆ ಠಕಾರದ ಬೊಟ್ಟು ಒಂದು ಗೇಣು ಆಚೆ ಕೂತಿದೆ. ಎಂತ ಮಾಡುದು?"

"ಮಾಷ್ಟ್ರೇ, ಕ್ಯಾಲಿಬ್ರೇಶನ್ ಅಂತ ಎಲ್ಲಾದರೂ ಕಂಡರೆ ಒತ್ತಬೇಡಿ. ಮಳೆ ಸ್ವಲ್ಪ ಬಿಡಲಿ, ನಾನೇ ಬರ್ತೇನೆ" ಎಂದೆ.

ಹೋಗುವಾಗ ವಾರ ಕಳೆದಿತ್ತು. ಅಷ್ಟರಲ್ಲಿ ಅವರ ತಂಗಿಯ ಮಗ ಬಂದು ಪ್ರೀತಿಯಿಂದ ನಾಲ್ಕು ಸಲ ಕ್ಯಾಲಿಬ್ರೇಶನ್ (ಪರದೆಯ ಮೂಲೆಗಳನ್ನು ಪೆನ್ನಿನಿಂದ ಒತ್ತಿ ಜಾಗ ಹೊಂದಿಸುವುದು) ಮಾಡಿದ್ದ. ಮೊದಲು ಉದ್ದಕ್ಕೆ ಹಿಡಿದಾಗ ಮಾತ್ರ ಇದ್ದ ದೋಷ ಈಗ ಅಡ್ಡಕ್ಕೆ ಹಿಡಿದಾಗಲೂ ಬಂದಿತ್ತು. ಒಂದು ದೋಷ ಮೂರಾಗಿತ್ತು. ಆ ಮೂರನ್ನೂ ಒಂದೊಂದಾಗಿ ಬಿಡಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂತಹ ಯಂತ್ರಗಳು ನಮ್ಮ ಕಡೆ ಇನ್ನೂ ಹಲವು ಮನೆಗಳಲ್ಲಿ, ಶಾಲೆಯ ಮೇಷ್ಟ್ರುಗಳ ಚೀಲದಲ್ಲಿ ಇವೆ. ಕನ್ನಡ ಮಾಧ್ಯಮದಲ್ಲಿ ಗಣಿತ ಕಲಿಸುವ ನಾನೂ ಅಂಥದ್ದರಲ್ಲೇ ಬರೆದು ಮಕ್ಕಳಿಗೆ ತೋರಿಸುವುದು. ಪೆನ್ನು ಸರಿಯಿಲ್ಲದಿದ್ದರೆ ಆ ದಿನದ ಪಾಠವೇ ಕೆಡುತ್ತದೆ.

ಪರದೆ ತಿರುಗುವುದು ಬೇರೆ, ಪೆನ್ನು ತಿರುಗುವುದು ಬೇರೆ

ಈ ಯಂತ್ರಗಳ ಪರದೆಯ ಗಾಜಿನಲ್ಲಿ ಪೆನ್ನನ್ನು ಗುರುತಿಸುವ ಯಾವ ವಸ್ತುವೂ ಇಲ್ಲ. ಎಲ್‌ಸಿಡಿಯ ಬೆನ್ನಿಗೆ ತೆಳ್ಳಗಿನ ಸರ್ಕ್ಯೂಟ್ ಹಲಗೆಯೊಂದಿದೆ, ಅದರ ತುಂಬ ತಂತಿಯ ಸುರುಳಿಗಳು. ಹಲಗೆ ಕಾಂತೀಯ ಅಲೆಯನ್ನು ಹೊರಡಿಸುತ್ತದೆ. ಪೆನ್ನಿನೊಳಗಿನ ಪುಟ್ಟ ಸುರುಳಿ ಅದಕ್ಕೆ ಅನುರಣಿಸಿ ಮರಳಿ ಸಂಕೇತ ಕೊಡುತ್ತದೆ. ಯಾವ ಸುರುಳಿಗಳಲ್ಲಿ ಆ ಸಂಕೇತ ಜೋರಾಗಿ ಕೇಳಿತು ಎಂಬುದರಿಂದ ಪೆನ್ನಿನ ಜಾಗ ಗೊತ್ತಾಗುತ್ತದೆ. ಹಾಗಾಗಿಯೇ ವ್ಯಾಕಮ್ ಕಂಪನಿಯ ಮಾದರಿಯ ಈ ಪೆನ್ನಿಗೆ ಬ್ಯಾಟರಿ ಬೇಡ, ಮೊನೆ ಪರದೆಗೆ ತಾಗುವ ಮುಂಚೆಯೇ ಬಾಣ ಓಡಾಡುತ್ತದೆ, ಬೆರಳು ತಾಗಿದರೆ ಏನೂ ಆಗುವುದಿಲ್ಲ.

ಆ ಹಲಗೆ ಸ್ಕ್ರೂ ಹಾಕಿ ಕೂರಿಸಿದ್ದು. ನೀವು ಚಿತ್ರವನ್ನು ಉದ್ದಕ್ಕೆ ತಿರುಗಿಸಿದಾಗ ತಿರುಗುವುದು ಚಿತ್ರ ಮಾತ್ರ; ಅದನ್ನು ಗ್ರಾಫಿಕ್ಸ್ ಡ್ರೈವರ್, ಅಂದರೆ ಪರದೆಯನ್ನು ನಡೆಸುವ ತಂತ್ರಾಂಶ, ಮಾಡುತ್ತದೆ. ಹಲಗೆಯ ಪಾಲಿಗೆ ಉದ್ದ ಬದಿ ಯಾವಾಗಲೂ ಎಕ್ಸ್ ಅಕ್ಷವೇ. "ಚಿತ್ರ ಇಷ್ಟು ತಿರುಗಿದೆ, ನೀನೂ ಅಷ್ಟು ತಿರುಗಿಸಿ ಲೆಕ್ಕ ಹಾಕು" ಎಂದು ಪೆನ್ನಿನ ಡ್ರೈವರಿಗೆ ಯಾರಾದರೂ ಹೇಳಬೇಕು. ಹೇಳದಿದ್ದರೆ ಮಾಷ್ಟ್ರು ಫೋನಿನಲ್ಲಿ ಹೇಳಿದಂತೆಯೇ ಆಗುತ್ತದೆ, ಕೆಳಗೆ ಎಳೆದದ್ದು ಬಲಕ್ಕೆ ಹೋಗುತ್ತದೆ. ಕ್ಯಾಲಿಬ್ರೇಶನ್ ಎಂದರೆ ಒಂದೆರಡು ಮಿಲಿಮೀಟರಿನ ವ್ಯತ್ಯಾಸವನ್ನು ಒರೆಸುವ ಕೆಲಸ. 90 ಡಿಗ್ರಿ ತಿರುಗಿ ನಿಂತ ಪೆನ್ನಿನ ಮೇಲೆ ಅದನ್ನು ಮಾಡಿದರೆ, ಸಿಗುವ ತಪ್ಪು ಸಂಖ್ಯೆಗಳನ್ನು ಯಂತ್ರ ನಂಬಿ ಇಟ್ಟುಕೊಳ್ಳುತ್ತದೆ. ಮೊದಲು ತಿರುಗುವಿಕೆ, ಆಮೇಲೆ ಕ್ಯಾಲಿಬ್ರೇಶನ್. ಈ ಕ್ರಮ ತಪ್ಪಿದ್ದರಿಂದಲೇ ಮಾಷ್ಟ್ರ ಮನೆಯಲ್ಲಿ ನನಗೆ ಅರ್ಧ ದಿನ ಹಿಡಿಯಿತು.

ತಪ್ಪು ಯಾವ ಆಕಾರದ್ದು ಎಂದು ಮೊದಲು ನೋಡಿ

ಯಾವ ಸೆಟ್ಟಿಂಗನ್ನೂ ಮುಟ್ಟುವ ಮುಂಚೆ ಚಿತ್ರ ಬಿಡಿಸುವ ಪ್ರೋಗ್ರಾಂ ಒಂದನ್ನು ಪೂರ್ತಿ ಪರದೆಗೆ ತೆರೆಯಿರಿ. ನಾಲ್ಕು ಮೂಲೆಗಳ ಹತ್ತಿರ ಮತ್ತು ನಡುವಿನಲ್ಲಿ ಒಂದೊಂದು ಚುಕ್ಕೆ ಇಡಿ. ಆಮೇಲೆ ಪ್ಲಾಸ್ಟಿಕ್ ಸ್ಕೇಲ್ ಇಟ್ಟು ಮೂಲೆಯಿಂದ ಮೂಲೆಗೆ ನಿಧಾನವಾಗಿ ಒಂದು ಓರೆಗೆರೆ ಎಳೆಯಿರಿ. ಎರಡು ನಿಮಿಷದ ಕೆಲಸ. ದೋಷ ಎಲ್ಲಿದೆ ಎಂಬುದರಲ್ಲಿ ಮುಕ್ಕಾಲು ಪಾಲು ಇದರಿಂದಲೇ ತಿಳಿಯುತ್ತದೆ.

ಎಲ್ಲ ಚುಕ್ಕೆಗಳೂ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ಸರಿದಿದ್ದರೆ ಅದು ನಿಜವಾದ ಕ್ಯಾಲಿಬ್ರೇಶನ್ ದೋಷ. ಎಡದಲ್ಲಿ ಸರಿಯಿದ್ದು ಬಲಕ್ಕೆ ಹೋದಂತೆ ತಪ್ಪು ಹೆಚ್ಚುತ್ತಾ ಹೋದರೆ ಅಳತೆಯ ಮಿತಿ ತಪ್ಪಿದೆ, ಇಲ್ಲವೇ ಇನ್ನೊಂದು ಪರದೆ ಸೇರಿಕೊಂಡಿದೆ. ನಡುವಿನ ಚುಕ್ಕೆ ಸರಿಯಾಗಿದ್ದು ಮೇಲಿನ ಎಡಮೂಲೆಯದ್ದು ಕೆಳಗಿನ ಬಲಮೂಲೆಯಲ್ಲಿ ಬಿದ್ದರೆ ಪೆನ್ನು ಪರದೆಗೆ ಪೂರಾ ತಲೆಕೆಳಗಾಗಿದೆ. ಕೆಳಗೆ ಎಳೆದದ್ದು ಅಡ್ಡಕ್ಕೆ ಹೋದರೆ ಪಾವು ಸುತ್ತು ತಪ್ಪಿದೆ. ಜಾಗ ಸರಿಯಾಗಿದ್ದು ಓರೆಗೆರೆ ಮಾತ್ರ ಹಾವಿನಂತೆ ನಡುಗಿದ್ದರೆ ಸೆಟ್ಟಿಂಗಿನಲ್ಲಿ ಏನೂ ಹುಡುಕಬೇಡಿ, ಅದು ವಿದ್ಯುತ್ತಿನ ಗದ್ದಲ. ಪರದೆಯ ಒಂದು ಪಟ್ಟಿಯಲ್ಲಿ ಮಾತ್ರ ಪೆನ್ನು ಸತ್ತಂತಿದ್ದರೆ ಹಲಗೆ ಅಥವಾ ಅದರ ಕೇಬಲ್ ಹೋಗಿದೆ; ಅದನ್ನು ಮನೆಯಲ್ಲಿ ಸರಿಮಾಡಲು ಆಗುವುದಿಲ್ಲ.

ಮಾಷ್ಟ್ರ ಯಂತ್ರದಲ್ಲಿ ನನಗೆ ಕಂಡದ್ದು ಹೀಗೆ: ಉದ್ದಕ್ಕೆ ಹಿಡಿದಾಗ ತಲೆಕೆಳಗು. ಅಡ್ಡಕ್ಕೆ ಹಿಡಿದಾಗ ದಿಕ್ಕು ಸರಿ, ಆದರೆ ಬಲಕ್ಕೆ ಹೋದಂತೆ ಬಾಣ ಪೆನ್ನನ್ನು ಬಿಟ್ಟು ಮುಂದೆ ಓಡುತ್ತಿತ್ತು. ಎರಡರಲ್ಲೂ ಓರೆಗೆರೆಗೆ ನಡುಕ.

ತಲೆಕೆಳಗಾದದ್ದು ಏಕೆ

ಕೇರಳದ ಶಾಲೆಗಳ ಲ್ಯಾಬಿನಲ್ಲಿ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆಯಾದ ಕೈಟ್‌ನವರ ಗ್ನೂ/ಲಿನಕ್ಸ್ ನಡೆಯುವುದರಿಂದ ಕಾಸರಗೋಡಿನ ಕಡೆಯ ಮಕ್ಕಳಿಗೂ ಮೇಷ್ಟ್ರುಗಳಿಗೂ ಟರ್ಮಿನಲ್ (ಕಮಾಂಡು ಟೈಪ್ ಮಾಡುವ ಕಿಟಕಿ) ಕಂಡರೆ ಹೆದರಿಕೆಯಿಲ್ಲ. ಹಾಗಾಗಿ ಕಮಾಂಡುಗಳ ಹೆಸರಲ್ಲೇ ಹೇಳುತ್ತೇನೆ. ಚಿತ್ರವನ್ನು ತಿರುಗಿಸುವುದು ಎಕ್ಸ್‌ರ್ಯಾಂಡರ್. ಪೆನ್ನನ್ನು ತಿರುಗಿಸುವುದು ಎಕ್ಸ್‌ಸೆಟ್‌ವ್ಯಾಕಮ್, ಅದರಲ್ಲಿ ರೊಟೇಟ್ ಎಂಬ ಆಯ್ಕೆ. ಎರಡನ್ನೂ ಒಂದರ ಹಿಂದೆ ಒಂದು ಓಡಿಸುವ ಎರಡು ಸಾಲಿನ ಸ್ಕ್ರಿಪ್ಟ್ ಬರೆದು ಪರದೆಯ ಚೌಕಟ್ಟಿನ ಗುಂಡಿಗೆ ಕಟ್ಟಿಬಿಟ್ಟರೆ ಕೆಲಸ ಮುಗಿಯಿತು. ನಾನು ಹಿಂದೆ ಹಾಗೆಯೇ ಮಾಡಿಕೊಟ್ಟಿದ್ದೆ. ಈ ಮಧ್ಯೆ ಸಿಸ್ಟಂ ಹೊಸತು ಹಾಕಿಸಿದಾಗ ಅದು ಹೋಗಿತ್ತು. ಮೊದಲ ದೋಷದ ಮೂಲ ಅಷ್ಟೇ.

ತಂಗಿಯ ಮಗ ಎಲ್ಲಿಂದಲೋ ಹಳೆಯ ಸ್ಕ್ರಿಪ್ಟ್ ತಂದು ಸೇರಿಸಿದ್ದ. ಅದರಲ್ಲಿ ದಿಕ್ಕುಗಳನ್ನು ಹೆಸರಿನಲ್ಲಿ ಬರೆಯದೆ ಅಂಕಿಗಳಲ್ಲಿ ಬರೆದಿತ್ತು. ಎರಡೂ ಸಾಲಿನಲ್ಲಿ 1. ನೋಡಿದರೆ ಸರಿಯೇ ಎನಿಸುತ್ತದೆ, ಚಿತ್ರಕ್ಕೂ 1, ಪೆನ್ನಿಗೂ 1. ಆದರೆ ಈ ಎರಡು ಕಮಾಂಡುಗಳು ಅಂಕಿಗಳನ್ನು ಬೇರೆ ಬೇರೆ ಸಾಲಿನಲ್ಲಿ ಎಣಿಸುತ್ತವೆ. ಎಕ್ಸ್‌ರ್ಯಾಂಡರಿನಲ್ಲಿ 0 ಎಂದರೆ ಸಾಮಾನ್ಯ, 1 ಎಡ, 2 ತಲೆಕೆಳಗು, 3 ಬಲ. ಎಕ್ಸ್‌ಸೆಟ್‌ವ್ಯಾಕಮಿನಲ್ಲಿ 0 ಸಾಮಾನ್ಯ, 1 ಗಡಿಯಾರದ ದಿಕ್ಕು, 2 ಅದರ ವಿರುದ್ಧ ದಿಕ್ಕು, 3 ಅರ್ಧಸುತ್ತು. ಚಿತ್ರದ "ಎಡ"ಕ್ಕೆ ಹೊಂದುವುದು ಪೆನ್ನಿನ ಗಡಿಯಾರ-ವಿರುದ್ಧ. ಅಂದರೆ ಚಿತ್ರಕ್ಕೆ 1 ಕೊಟ್ಟರೆ ಪೆನ್ನಿಗೆ 2 ಕೊಡಬೇಕು. ಚಿತ್ರಕ್ಕೆ 2 ಆದರೆ ಪೆನ್ನಿಗೆ 3. ಚಿತ್ರಕ್ಕೆ 3 ಆದರೆ ಪೆನ್ನಿಗೆ 1. ಎರಡಕ್ಕೂ ಹೊಂದುವ ಅಂಕಿ 0 ಒಂದೇ. ಅವನು ಎರಡಕ್ಕೂ 1 ಕೊಟ್ಟಿದ್ದರಿಂದ ಚಿತ್ರ ಎಡಕ್ಕೆ, ಪೆನ್ನು ಬಲಕ್ಕೆ ತಿರುಗಿ, ನಡುವೆ ಅರ್ಧಸುತ್ತಿನ ಅಂತರವಾಯಿತು. ಇದರಲ್ಲಿ ಹುಡುಗನ ತಪ್ಪೇನಿಲ್ಲ, ನಾನೂ ಮೊದಲ ಸಲ ಇದರಲ್ಲೇ ಒಂದು ಸಂಜೆ ಕಳೆದವನು. ಅಂಕಿ ಬಿಟ್ಟು ಹೆಸರಿನಲ್ಲೇ ಬರೆಯಿರಿ: ಚಿತ್ರಕ್ಕೆ ಲೆಫ್ಟ್ ಆದರೆ ಪೆನ್ನಿಗೆ ಸಿಸಿಡಬ್ಲ್ಯು (ಗಡಿಯಾರ-ವಿರುದ್ಧ); ಚಿತ್ರಕ್ಕೆ ರೈಟ್ ಆದರೆ ಪೆನ್ನಿಗೆ ಸಿಡಬ್ಲ್ಯು (ಗಡಿಯಾರದ ದಿಕ್ಕು); ಚಿತ್ರಕ್ಕೆ ಇನ್ವರ್ಟೆಡ್ ಆದರೆ ಪೆನ್ನಿಗೆ ಹಾಫ್.

ಪೆನ್ನಿನ ಮೊನೆ ಮತ್ತು ಹಿಂಬದಿಯ ರಬ್ಬರು ಪಟ್ಟಿಯಲ್ಲಿ ಸ್ಟೈಲಸ್, ಇರೇಸರ್ ಎಂದು ಎರಡು ಸಾಧನಗಳಾಗಿ ಕಾಣುತ್ತವೆ. ತಿರುಗುವಿಕೆಯನ್ನು ಒಂದಕ್ಕೆ ಹೇಳಿದರೆ ಸಾಕು, ಅದೇ ಹಲಗೆಯ ಎಲ್ಲಕ್ಕೂ ಅನ್ವಯವಾಗುತ್ತದೆ. ಅಳತೆಯ ಮಿತಿ ಹಾಗಲ್ಲ, ಒಂದೊಂದಕ್ಕೂ ಬೇರೆಯಾಗಿ ಹೇಳಬೇಕು. ಬರೆದದ್ದು ಸರಿಯಾದ ಜಾಗದಲ್ಲಿ ಬಿದ್ದು, ಅಳಿಸಿದ್ದು ಮಾತ್ರ ಪಕ್ಕದ ಅಕ್ಷರವನ್ನು ತಿಂದರೆ ಇರೇಸರಿಗೆ ಮಿತಿ ಹೇಳಲು ಮರೆತಿದ್ದೀರಿ ಎಂದರ್ಥ.

ಇನ್ನೊಂದು ಬಗೆಯ ಪಾವು ಸುತ್ತಿನ ದೋಷವಿದೆ, ಅದು ಹೆಚ್ಚು ತಲೆ ತಿನ್ನುತ್ತದೆ. ಕೆಲವು ಡೆಸ್ಕ್‌ಟಾಪುಗಳು ಚಿತ್ರ ತಿರುಗಿದಾಗ ಪೆನ್ನನ್ನೂ ತಾವೇ ತಿರುಗಿಸುತ್ತವೆ. ಅದರ ಮೇಲೆ ನಮ್ಮ ಸ್ಕ್ರಿಪ್ಟೂ ತಿರುಗಿಸಿದರೆ ಎರಡು ಸಲ ತಿರುಗಿದಂತಾಯಿತು. ಎಕ್ಸ್‌ಇನ್‌ಪುಟ್ ಕಮಾಂಡಿನಲ್ಲಿ ಸಾಧನದ ಗುಣಗಳನ್ನು ಕೇಳಿದರೆ ಕೋಆರ್ಡಿನೇಟ್ ಟ್ರಾನ್ಸ್‌ಫರ್ಮೇಶನ್ ಮ್ಯಾಟ್ರಿಕ್ಸ್ ಎಂದು 9 ಸಂಖ್ಯೆಗಳ ಸಾಲು ಬರುತ್ತದೆ. ಏನೂ ತಿರುಗಿಸದಿದ್ದಾಗ ಅದು 1 0 0, 0 1 0, 0 0 1 ಎಂದಿರಬೇಕು. ಎಡಕ್ಕೆ ತಿರುಗಿದ್ದರೆ 0 -1 1, 1 0 0, 0 0 1 ಎಂದಿರುತ್ತದೆ. ಮ್ಯಾಟ್ರಿಕ್ಸೂ ತಿರುಗಿದೆ, ರೊಟೇಟೂ ತಿರುಗಿದೆ ಎಂದಾದರೆ ಒಂದನ್ನು ತೆಗೆಯಿರಿ. ಡೆಸ್ಕ್‌ಟಾಪ್ ತಾನೇ ಮಾಡುತ್ತಿದ್ದರೆ ಅದಕ್ಕೇ ಬಿಟ್ಟು ಸ್ಕ್ರಿಪ್ಟನ್ನು ತೆಗೆಯುವುದು ನನಗೆ ಇಷ್ಟ.

ಕಮಾಂಡುಗಳು ಏನು ಹೇಳಿದರೂ ಕೇಳದೆ ಸುಮ್ಮನಿದ್ದರೆ ಲಾಗಿನ್ ಪರದೆಯನ್ನು ನೋಡಿ. ಉಬುಂಟು 22.04 ಮತ್ತು ನಂತರದವು ಸಾಮಾನ್ಯವಾಗಿ ಪರದೆಯನ್ನು ನಡೆಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡಿನಲ್ಲಿ ತೆರೆಯುತ್ತವೆ, ಅಲ್ಲಿ ಎಕ್ಸ್‌ಸೆಟ್‌ವ್ಯಾಕಮ್ ನಡೆಯುವುದಿಲ್ಲ. ಒಂದೋ ಲಾಗಿನ್ ಆಗುವಾಗ ಹಲ್ಲುಚಕ್ರದ ಗುರುತು ಒತ್ತಿ ಹಳೆಯ ವ್ಯವಸ್ಥೆಯಾದ ಎಕ್ಸ್‌ಆರ್ಗ್ ಆರಿಸಿ (ತೀರಾ ಹೊಸ ಆವೃತ್ತಿಗಳಲ್ಲಿ ಆ ಆಯ್ಕೆ ಇಲ್ಲ), ಇಲ್ಲವೇ ಗ್ನೋಮ್ ಸೆಟ್ಟಿಂಗ್ಸಿನ ವ್ಯಾಕಮ್ ಟ್ಯಾಬ್ಲೆಟ್ ಪುಟದಲ್ಲೇ ಎಲ್ಲ ಮಾಡಿ.

ಕೆಟ್ಟ ಕ್ಯಾಲಿಬ್ರೇಶನನ್ನು ಕೀಳುವುದು

ದಿಕ್ಕು ಸರಿಯಾದ ಮೇಲೆ ಅಡ್ಡಕ್ಕೆ ಹಿಡಿದು, ತಿರುಗುವಿಕೆಯನ್ನು 0ಗೆ ತಂದು, ಎಕ್ಸ್‌ಸೆಟ್‌ವ್ಯಾಕಮಿನಲ್ಲಿ ಏರಿಯಾ, ಅಂದರೆ ಅಳತೆಯ ಮಿತಿ, ಎಷ್ಟೆಂದು ಕೇಳಿದೆ. ನಾಲ್ಕು ಸಂಖ್ಯೆ ಬರುತ್ತವೆ: ಎಡಮಿತಿ, ಮೇಲ್ಮಿತಿ, ಬಲಮಿತಿ, ಕೆಳಮಿತಿ. 12.1 ಇಂಚಿನ, 1024×768 ಪರದೆಯ ಈ ಯಂತ್ರದಲ್ಲಿ ಅವು 0, 0, 24576, 18432 ಇರಬೇಕು. ಮಾಷ್ಟ್ರ ಯಂತ್ರದಲ್ಲಿ ಎಡಮಿತಿ ಸಾವಿರ ದಾಟಿತ್ತು, ಬಲಮಿತಿ 18432ರ ಆಸುಪಾಸಿಗೆ ಬಂದು ನಿಂತಿತ್ತು. ಉದ್ದ ಬದಿಯ ಮಿತಿಯ ಜಾಗದಲ್ಲಿ ಗಿಡ್ಡ ಬದಿಯ ಸಂಖ್ಯೆ ಕೂತಿದೆ ಎಂದರೆ, ಪೆನ್ನು ಅಡ್ಡ ತಿರುಗಿದ್ದಾಗ ಯಾರೋ ಮೂಲೆಗಳನ್ನು ಒತ್ತಿದ್ದಾರೆ ಎಂದೇ ಅರ್ಥ. ಬಲಕ್ಕೆ ಹೋದಂತೆ ಬಾಣ ಮುಂದೆ ಓಡುತ್ತಿದ್ದುದಕ್ಕೂ ಇದೇ ಕಾರಣ. ಪೆನ್ನು ಮುಕ್ಕಾಲು ದಾರಿ ಬರುವಷ್ಟರಲ್ಲಿ ಬಾಣಕ್ಕೆ ಪರದೆಯೇ ಮುಗಿದಿತ್ತು.

ರಿಸೆಟ್‌ಏರಿಯಾ ಎಂದು ಕೊಟ್ಟೆ. ಸ್ಟೈಲಸಿಗೆ ಒಮ್ಮೆ, ಇರೇಸರಿಗೆ ಒಮ್ಮೆ. ಸಂಖ್ಯೆಗಳು ಮೂಲಕ್ಕೆ ಬಂದವು, ದೊಡ್ಡ ತಪ್ಪು ಹೋಯಿತು. ಉಳಿದದ್ದು ಎಲ್ಲ ಕಡೆಯೂ ಒಂದೇ ಸಮನೆ ಬಲಕ್ಕೆ 3 ಮಿಲಿಮೀಟರ್.

ಇಲ್ಲಿಂದ ಮುಂದೆ ಮೂಲೆ ಒತ್ತಿಸುವ ಪ್ರೋಗ್ರಾಮಿಗಿಂತ ಲೆಕ್ಕವೇ ನನಗೆ ನಂಬಿಕೆಯದ್ದು. 24576ನ್ನು 1024ರಿಂದ ಭಾಗಿಸಿದರೆ 24. 18432ನ್ನು 768ರಿಂದ ಭಾಗಿಸಿದರೂ 24. ಪರದೆಯ ಒಂದು ಪಿಕ್ಸೆಲಿಗೆ ಹಲಗೆಯ 24 ಹೆಜ್ಜೆ. ಪರದೆಯ ಅಗಲವನ್ನು ಅಳೆದರೆ ಹತ್ತಿರ ಹತ್ತಿರ 246 ಮಿಲಿಮೀಟರ್, ಅಂದರೆ ಒಂದು ಮಿಲಿಮೀಟರಿಗೆ 100 ಹೆಜ್ಜೆ. ಕಂಪಾಸ್ ಪೆಟ್ಟಿಗೆಯ ಪಾರದರ್ಶಕ ಸ್ಕೇಲನ್ನು ಪರದೆಯ ಮೇಲಿಟ್ಟು ಮೊನೆಯಿಂದ ಬಾಣದ ತುದಿಗೆ ಎಷ್ಟು ದೂರ ಎಂದು ನೋಡಿದರೆ, ಬದಲಿಸಬೇಕಾದ ಸಂಖ್ಯೆ ತಾನಾಗಿಯೇ ಸಿಗುತ್ತದೆ. ಬಾಣ ಮೊನೆಯ ಬಲಕ್ಕೆ 3 ಮಿಲಿಮೀಟರ್ ಇದ್ದರೆ ಎಡಮಿತಿಗೂ ಬಲಮಿತಿಗೂ 300 ಕೂಡಿಸಿ: 300, 0, 24876, 18432. ಎಡಕ್ಕಿದ್ದರೆ ಅಷ್ಟೇ ಕಳೆಯಿರಿ, ಮಿತಿ ಸೊನ್ನೆಗಿಂತ ಕೆಳಗೆ ಹೋದರೂ ಅಡ್ಡಿಯಿಲ್ಲ. ಎಡ ಅಂಚಿನಲ್ಲಿ ಸರಿಯಿದ್ದು ಬಲ ಅಂಚಿನಲ್ಲಿ ಮಾತ್ರ ಬಾಣ 4 ಮಿಲಿಮೀಟರ್ ಹಿಂದೆ ಉಳಿದರೆ ಬಲಮಿತಿ ಒಂದರಿಂದಲೇ 400 ಕಳೆಯಿರಿ. ನನ್ನ ಒಂಬತ್ತನೇ ತರಗತಿಯ ಮಕ್ಕಳಿಗೆ ಇದನ್ನು ಲೆಕ್ಕವಾಗಿಯೇ ಕೊಟ್ಟಿದ್ದೇನೆ, ಬೇಗ ಮಾಡುತ್ತಾರೆ.

ನಿಮ್ಮ ಯಂತ್ರದ ಮೂಲ ಸಂಖ್ಯೆಗಳು ಬೇರೆ ಇರಬಹುದು, ಪರದೆ 1280×800 ಆಗಿದ್ದರೆ ಖಂಡಿತ ಬೇರೆ. ಹಾಗಾಗಿ ರಿಸೆಟ್ ಮಾಡಿದ ಕೂಡಲೇ ಬರುವ ನಾಲ್ಕು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದ ಅಡಿಗೆ ಅಂಟಿಸಿ. ಇನ್ನೂ ಒಂದು ಎಚ್ಚರ: ಪೆನ್ನನ್ನು ಉದ್ದಕ್ಕೆ ತಿರುಗಿಸಿದ ಮೇಲೆ ಏರಿಯಾ ಕೇಳಿದರೆ ಎಕ್ಸ್ ಇದ್ದಲ್ಲಿ ವೈ ಬಂದು ಸಂಖ್ಯೆಗಳು ಅದಲುಬದಲಾಗಿ ಕಾಣುತ್ತವೆ. ಅದು ದೋಷವಲ್ಲ. ಮಿತಿ ಬದಲಿಸುವುದಾದರೆ ಮೊದಲು ತಿರುಗುವಿಕೆಯನ್ನು 0ಗೆ ತನ್ನಿ, ಬದಲಿಸಿ, ಆಮೇಲೆ ತಿರುಗಿಸಿ. ಸ್ಕ್ರಿಪ್ಟಿನಲ್ಲೂ ಸಾಲುಗಳು ಇದೇ ಕ್ರಮದಲ್ಲಿರಲಿ.

ಯಾರು, ಹೇಗೆ ಕೂತು ಅಳೆದರು

ನಾನು ಚಾವಡಿಯ ಮೇಜಿನ ಮೇಲಿಟ್ಟು, ಬಗ್ಗಿ ನೋಡಿ, 300 ಕೂಡಿಸಿ ಕೊಟ್ಟೆ. ಮಾಷ್ಟ್ರು ತೊಡೆಯ ಮೇಲಿಟ್ಟುಕೊಂಡು ಠ ಬರೆದರು. ಬೊಟ್ಟು ಹೊಟ್ಟೆಯೊಳಗೆ ಬೀಳದೆ ಕೆಳಗಿನ ಗೆರೆಗೆ ತಾಗಿ ಕುಳಿತಿತ್ತು.

ನಾನು ಬರೆದರೆ ಸರಿ, ಅವರು ಬರೆದರೆ ತಪ್ಪು. ಕಾರಣ ಎರಡು. ಗಾಜಿನ ಮೇಲ್ಮೈಗೂ ಚಿತ್ರ ಕಾಣುವ ಎಲ್‌ಸಿಡಿಗೂ ನಡುವೆ ದಪ್ಪವಿದೆ, ನೇರ ಮೇಲಿಂದ ನೋಡಿದಾಗ ಮೊನೆಯ ಅಡಿಯಲ್ಲೇ ಕಾಣುವ ಚುಕ್ಕೆ ಓರೆಯಿಂದ ನೋಡಿದಾಗ ಸರಿದು ಕಾಣುತ್ತದೆ. ಹಾಗೆಯೇ ಹಲಗೆಗೆ ತಿಳಿಯುವುದು ಪೆನ್ನಿನೊಳಗಿನ ಸುರುಳಿಯ ಜಾಗ. ಸುರುಳಿ ಮೊನೆಗಿಂತ ಮೇಲಿದೆ, ಪೆನ್ನು ಬಾಗಿದಷ್ಟೂ ಅದು ಬಾಗಿದ ಕಡೆಗೆ ಸರಿಯುತ್ತದೆ. ಮಾಷ್ಟ್ರು ಪೆನ್ನನ್ನು ಶಾಯಿ ಪೆನ್ನಿನಂತೆ ಬಹಳ ಬಾಗಿಸಿ ಹಿಡಿಯುವವರು.

ಕೊನೆಗೆ ಅವರನ್ನೇ ಅವರ ಕುರ್ಚಿಯಲ್ಲಿ, ಅವರು ದಿನಾ ಕೂರುವಂತೆ ಕೂರಿಸಿ, ಅವರದೇ ಹಿಡಿತದಲ್ಲಿ ಚುಕ್ಕೆ ಇಡಿಸಿದೆ. ನಾನು ಪಕ್ಕದಲ್ಲಿ ನಿಂತು ಸ್ಕೇಲಿನಲ್ಲಿ ಅಳೆದು ಲೆಕ್ಕ ಹಾಕಿದೆ. ಮೇಲೆ ಕೆಳಗೆ ಒಂದೂವರೆ ಮಿಲಿಮೀಟರ್ ಬದಲಾಯಿತು ಅಷ್ಟೇ. ಆದರೆ ದ ಮತ್ತು ಧ, ರ ಮತ್ತು ಠ, ಪ ಮತ್ತು ಷ ಬೇರೆಯಾಗುವುದು ಅಷ್ಟರಲ್ಲೇ. ಕನ್ನಡ ಬರೆಯುವವರಿಗೆ ಆ ಒಂದೂವರೆ ಮಿಲಿಮೀಟರ್ ಸಣ್ಣದಲ್ಲ. ಯಂತ್ರ ಯಾರದೋ ಅವರ ಕೈಯಲ್ಲೇ ಕ್ಯಾಲಿಬ್ರೇಶನ್ ಮಾಡಿಸಿ, ನೀವು ಮಾಡಿಕೊಡಬೇಡಿ.

ವಿಂಡೋಸ್ ಇರುವವರಿಗೆ

ಟ್ಯಾಬ್ಲೆಟ್ ಪಿಸಿ ಎಂಬ ಹೆಸರಿನಲ್ಲೇ ಎಕ್ಸ್‌ಪಿಯ ಆವೃತ್ತಿಯೊಂದು 2002ರಲ್ಲಿ ಬಂದಿತ್ತು, ಅಂದಿನಿಂದಲೂ ವಿಂಡೋಸಿನಲ್ಲಿ ಈ ಸೌಲಭ್ಯವಿದೆ. ವಿಂಡೋಸ್ 7 ಮತ್ತು ನಂತರದವುಗಳಲ್ಲಿ ಕಂಟ್ರೋಲ್ ಪ್ಯಾನೆಲಿನ ಟ್ಯಾಬ್ಲೆಟ್ ಪಿಸಿ ಸೆಟ್ಟಿಂಗ್ಸ್ ತೆರೆಯಿರಿ. ಮೊದಲು ರಿಸೆಟ್ ಒತ್ತಿ, ಆಮೇಲೆ ಕ್ಯಾಲಿಬ್ರೇಟ್. ಪೆನ್ನೋ ಬೆರಳೋ ಎಂದು ಕೇಳಿದರೆ ಪೆನ್ ಆರಿಸಿ. ನೀವು ಬರೆಯುವ ಒಂದೊಂದು ದಿಕ್ಕಿನಲ್ಲೂ, ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ, ಬೇರೆಯಾಗಿ ಮಾಡಿ. ಅಂಚುಗಳಲ್ಲಿ ಮಾತ್ರ ತಪ್ಪು ಉಳಿದರೆ ಟ್ಯಾಬ್‌ಕ್ಯಾಲ್ ಎಂಬ ಕಮಾಂಡಿನಲ್ಲಿ ಅಂಚಿನ ಹತ್ತಿರ ಹೆಚ್ಚು ಚುಕ್ಕೆಗಳನ್ನು ಕೇಳಿ ಒತ್ತಬಹುದು.

ಪರದೆ ತಿರುಗಿಸುವ ಆಯ್ಕೆಯೇ ಕಾಣದಿದ್ದರೆ ಗ್ರಾಫಿಕ್ಸ್ ಡ್ರೈವರ್ ಕೂತಿಲ್ಲ, ಸಾಮಾನ್ಯ ಡ್ರೈವರಿನಲ್ಲಿ ಓಡುತ್ತಿದೆ. ಲಿನಕ್ಸಿನಲ್ಲೂ ಹೀಗೇ, ನೋಮೋಡ್‌ಸೆಟ್ ಎಂಬ ಪದ ಬೂಟಿನ ಸಾಲಿನಲ್ಲಿ ಉಳಿದುಹೋದರೆ ತಿರುಗಿಸಲು ಆಗದು. ಮುಟ್ಟದೆಯೇ ಪರದೆ ತಲೆಕೆಳಗಾಗಿ ನಿಂತಿದೆ ಎಂದು ಲ್ಯಾಬಿನಿಂದ ಕರೆ ಬಂದರೆ ಕಂಟ್ರೋಲ್, ಆಲ್ಟ್ ಮತ್ತು ಮೇಲಿನ ಬಾಣದ ಕೀ ಒಟ್ಟಿಗೆ ಒತ್ತಿ ನೋಡಿ. ಇಂಟೆಲ್‌ನ ಹಳೆಯ ಡ್ರೈವರುಗಳಲ್ಲಿ ಅವೇ ಎರಡು ಕೀಗಳ ಜೊತೆ ಕೆಳಗಿನ ಬಾಣ ಒತ್ತಿದರೆ ಪರದೆ ತಿರುಗುತ್ತದೆ, ಮಕ್ಕಳಿಗೆ ಅದು ಚೆನ್ನಾಗಿ ಗೊತ್ತು.

ಪ್ರೊಜೆಕ್ಟರ್ ಜೋಡಿಸಿದಾಗ ಮಾತ್ರ ತಪ್ಪುವ ಪೆನ್ನು

ಇದು ಮಾಷ್ಟ್ರದ್ದಲ್ಲ, ನನ್ನದೇ ಅನುಭವ. ಸ್ಟಾಫ್ ರೂಮಿನಲ್ಲಿ ಸರಿಯಾಗಿ ಬರೆಯುತ್ತಿದ್ದ ಪೆನ್ನು ತರಗತಿಯಲ್ಲಿ ತಪ್ಪುತ್ತಿತ್ತು. ಎಡ ಅಂಚಿನಲ್ಲಿ ಸರಿ, ನಡುವಿಗೆ ಬರುವಾಗ ಬಾಣ ಪರದೆಯ ಕೊನೆ ಮುಟ್ಟುತ್ತದೆ, ಅಲ್ಲಿಂದ ಮುಂದೆ ಬರೆದದ್ದು ಗೋಡೆಯ ಮೇಲೆ ಮಾತ್ರ ಕಾಣುತ್ತದೆ. ಪ್ರೊಜೆಕ್ಟರನ್ನು ವಿಸ್ತರಿಸಿದ ಪರದೆಯಾಗಿ ಜೋಡಿಸಿದಾಗ ಪೆನ್ನಿನ ಹಲಗೆಯನ್ನು ಸಿಸ್ಟಂ ಎರಡೂ ಪರದೆಗಳಿಗೆ ಹಂಚಿಬಿಡುತ್ತದೆ. ಇದಕ್ಕೆ ಕ್ಯಾಲಿಬ್ರೇಶನ್ ಮಾಡಿದಿರೋ, ಪ್ರೊಜೆಕ್ಟರ್ ಕಳಚಿದ ಮೇಲೆ ಎಲ್ಲ ಕೆಡುತ್ತದೆ. ಎಕ್ಸ್‌ಸೆಟ್‌ವ್ಯಾಕಮಿನ ಮ್ಯಾಪ್‌ಟುಔಟ್‌ಪುಟ್ ಎಂಬ ಆಯ್ಕೆಯಲ್ಲಿ ಒಳಗಿನ ಪರದೆಯ ಹೆಸರು ಕೊಡಿ. ಹಳೆಯ ಯಂತ್ರಗಳಲ್ಲಿ ಅದು ಎಲ್‌ವಿಡಿಎಸ್ ಎಂದು ಶುರುವಾಗುತ್ತದೆ, ಸರಿಯಾದ ಹೆಸರನ್ನು ಎಕ್ಸ್‌ರ್ಯಾಂಡರ್ ತೋರಿಸುತ್ತದೆ. ವಿಂಡೋಸಿನಲ್ಲಿ ಅದೇ ಟ್ಯಾಬ್ಲೆಟ್ ಪಿಸಿ ಸೆಟ್ಟಿಂಗ್ಸಿನ ಸೆಟಪ್ ಗುಂಡಿ ಒತ್ತಿ, ಯಾವ ಪರದೆ ಪೆನ್ನಿನದ್ದು ಎಂದು ಪೆನ್ನಿನಿಂದಲೇ ಮುಟ್ಟಿ ತೋರಿಸಿ.

ನಡುಕ

ಮಾಷ್ಟ್ರ ಮೂರನೆಯ ದೋಷ ಉಳಿದಿತ್ತು. ಓರೆಗೆರೆ ನಡುಗುತ್ತಿತ್ತು. ನಾನು ಕೂತಿದ್ದಾಗಲೇ ಕರೆಂಟ್ ಬಂತು, ನಡುಕ ಕಡಿಮೆಯಾಯಿತು. ಅರ್ಧ ಗಂಟೆಯಲ್ಲಿ ಮತ್ತೆ ಹೋಯಿತು, ಇನ್ವರ್ಟರ್ ಗುಂಯ್ ಎಂದಿತು, ಗೆರೆ ಪುನಃ ಹಾವಾಯಿತು. ಚಾರ್ಜರ್ ಪಿನ್ನನ್ನು ಕಿತ್ತೆ, ಬ್ಯಾಟರಿಯ ಮೇಲೆ ಗೆರೆ ನೆಟ್ಟಗಾಯಿತು.

ಪೆನ್ನಿನ ಸಂಕೇತ ಬಹಳ ಸಣ್ಣದು. ಶುದ್ಧ ಸೈನ್ ಅಲೆ ಕೊಡದ ಇನ್ವರ್ಟರಿನ ಗದ್ದಲ, ಅರ್ಥಿಂಗ್ ಇಲ್ಲದ ಸಾಕೆಟ್ಟು, ಮೂಲದ್ದಲ್ಲದ ಅಗ್ಗದ ಚಾರ್ಜರು, ಇವು ಮೂರೂ ಸೇರಿದರೆ ಹಲಗೆ ಸಂಕೇತವನ್ನೂ ಗದ್ದಲವನ್ನೂ ಬೇರೆ ಮಾಡಲಾರದು. ನಮ್ಮ ಮಳೆಗಾಲದಲ್ಲಿ ಇದು ತೀರಾ ಸಾಮಾನ್ಯ. ಬ್ಯಾಟರಿಯಲ್ಲಿ ಬರೆಯಿರಿ, ಬರೆಯದಾಗ ಚಾರ್ಜ್ ಮಾಡಿ. ಬ್ಯಾಟರಿ ಸತ್ತಿದ್ದರೆ ಮೂರು ಪಿನ್ನಿನ ಚಾರ್ಜರನ್ನು ಅರ್ಥ್ ಇರುವ ಸಾಕೆಟ್ಟಿಗೇ ಹಾಕಿ. ನಡುಕವಿರುವಾಗ ಕ್ಯಾಲಿಬ್ರೇಶನ್ ಮಾಡಲೇಬಾರದು, ಚುಕ್ಕೆ ಎಲ್ಲಿ ಬಿತ್ತೋ ಅದೇ ಸತ್ಯವಾಗಿಬಿಡುತ್ತದೆ.

ಪೆನ್ನಿನ ಮೊನೆಯನ್ನೂ ನೋಡಿ. ಒಂದೇ ಬದಿ ಸವೆದು ಉಳಿಯಂತಾಗಿದ್ದರೆ ಬದಲಿಸಿ. ಪರದೆಗೆ ತಾಗಿಸದೆಯೇ ಗೆರೆ ಬೀಳುತ್ತಿದ್ದರೆ ಮೊನೆ ಒಳಗೆ ಸಿಕ್ಕಿಕೊಂಡಿದೆ. ಚಿಮಟದಿಂದ ಎಳೆದು, ಒರೆಸಿ, ಮತ್ತೆ ಹಾಕಿ.

ಉಳಿದ ಅಂಚು

ಎಲ್ಲ ಆದ ಮೇಲೂ ಎಡ ಅಂಚಿನ ಒಂದು ಬೆರಳಗಲದಲ್ಲಿ ಗೆರೆ ಒಳಕ್ಕೆ ಬಾಗುತ್ತಿತ್ತು. ಚೀಲದ ಮುಚ್ಚಳದ ಆಯಸ್ಕಾಂತ ಆ ಬದಿಗೆ ಬರುತ್ತಿತ್ತು, ಅದನ್ನು ದೂರ ಇಡಿಸಿದೆ. ಸ್ವಲ್ಪ ಸುಧಾರಿಸಿತು, ಪೂರ್ತಿ ಹೋಗಲಿಲ್ಲ. ಅಂಚಿನಲ್ಲಿ ಹಲಗೆಯ ಸುರುಳಿಗಳು ಮುಗಿಯುತ್ತವೆ. ನಡುವಿನಲ್ಲಿ ಪೆನ್ನಿನ ಸುತ್ತ ನಾಲ್ಕೂ ಕಡೆಯ ಸುರುಳಿಗಳು ಸಾಕ್ಷಿ ಹೇಳುತ್ತವೆ, ಅಂಚಿನಲ್ಲಿ ಒಂದು ಕಡೆಯವು ಮಾತ್ರ. ಏರಿಯಾದ ನಾಲ್ಕು ಸಂಖ್ಯೆಗಳಿಂದ ಬಾಗಿದ್ದನ್ನು ನೆಟ್ಟಗೆ ಮಾಡಲು ಬರುವುದಿಲ್ಲ. ಅಂಚನ್ನು ಸರಿಮಾಡಲು ಹೋದರೆ ನಡುವಿನದ್ದು ಕೆಡುತ್ತದೆ.

ಏರಿಯಾ ಹೇಳುವ ಸಾಲುಗಳನ್ನು ಲಾಗಿನ್ ಆಗುವಾಗಲೇ ಓಡುವಂತೆ ಸೇರಿಸಿದೆ, ಯಂತ್ರವನ್ನು ಆರಿಸಿ ಹಚ್ಚಿದರೆ ಇವೆಲ್ಲ ಮರೆತುಹೋಗುತ್ತವೆ. ತಿರುಗಿಸುವ ಗುಂಡಿಯ ಸ್ಕ್ರಿಪ್ಟಿನಲ್ಲೂ ಅದೇ ಸಾಲುಗಳನ್ನು ಮೇಲೆ ಇಟ್ಟೆ. ಚಾವಡಿಯಿಂದ ಏಳುವ ಮುಂಚೆ ಮಾಷ್ಟ್ರ ಖಾಲಿ ಪುಟದ ಮಾದರಿಯನ್ನು ತೆರೆದು, ಎಡದಲ್ಲಿ ಎರಡು ಬೆರಳಗಲ ಬಿಟ್ಟು ಕೆಂಪು ಗೆರೆಯೊಂದನ್ನು ಎಳೆದು ಉಳಿಸಿಕೊಟ್ಟೆ, ಶಾಲೆಯ ನೋಟುಪುಸ್ತಕದ ಮಾರ್ಜಿನ್ ಗೆರೆಯ ಹಾಗೆ. ಅದರ ಆಚೆ ಅವರು ಏನೂ ಬರೆಯುವುದಿಲ್ಲ.